ಪುಷ್ಪಾವತಿಯ ಏಳು ನಿಮಿಷ

ಆಗಸ್ಟ್ 14, 1994, ಭಾನುವಾರ. ಸೆರಿಟೋಸ್

ಕೆಲಸ ಹೋಗಿ ಇವತ್ತಿಗೆ ಹದಿನೇಳು ತಿಂಗಳು. ಇಪ್ಪತ್ತೆರಡು ವರ್ಷ ವಿಮಾನದ ರೆಕ್ಕೆಗಳ ಭಾರ ಲೆಕ್ಕ ಹಾಕಿದವನ ಕೈಗೆ ಒಂದು ಶುಕ್ರವಾರ ಮಧ್ಯಾಹ್ನ ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿದರು. ಐವತ್ತೇಳು ದಾಟಿದ ಇಂಜಿನಿಯರ್ ಯಾರಿಗೂ ಬೇಡ. ನಿರುಪಮಾ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ತರುತ್ತಾಳೆ, ನಾನು ಗುಲಾಬಿ ಗಿಡಕ್ಕೆ ನೀರು ಹಾಕುತ್ತೇನೆ. ಅವಳು ಒಂದು ಮಾತೂ ಅನ್ನುವುದಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಇವತ್ತು ಕನ್ನಡ ಸಂಘದ ಪಿಕ್‌ನಿಕ್ಕಿಗೆ ಮಿಸೆಸ್ ಡೂಲಿ ಬಂದಿದ್ದರು. ರಾಜ್ಯದ ಅಸೆಂಬ್ಲಿಗೆ ನಮ್ಮ ಕ್ಷೇತ್ರದಿಂದ ನಿಂತಿರುವ ಡೆಮಾಕ್ರಟ್ ಅಭ್ಯರ್ಥಿ. ಸಿಟಿಜನ್ ಆದ ದಿನದಿಂದಲೂ ನಾನು ರಿಪಬ್ಲಿಕನ್. ನಮ್ಮವರಲ್ಲಿ ಮೋಟೆಲು, ಅಂಗಡಿ ಇಟ್ಟುಕೊಂಡವರೆಲ್ಲ ಬಹುಪಾಲು ಅದೇ. ನಿರುಪಮಾ ಮಾತ್ರ ಡೆಮಾಕ್ರಟ್, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ನಮ್ಮ ಸಂಸಾರ. ಡೂಲಿ ಚಿತ್ರಾನ್ನ ತಿಂದು ಹೊಗಳಿ, ಆಮೇಲೆ ಎದ್ದು ನಿಂತು, ತಾನು ಗೆದ್ದರೆ ಬೂಟಿಗಿಂತ ಅಗ್ಗಕ್ಕೆ ಸಿಗುವ ಚಿಕ್ಕ ಪಿಸ್ತೂಲುಗಳ ಮಾರಾಟವನ್ನೇ ನಿಲ್ಲಿಸುವ ಕಾನೂನು ತರುತ್ತೇನೆ ಅಂದರು. ಅರ್ಧ ಜನ ಅಗಿಯುವುದನ್ನು ನಿಲ್ಲಿಸಿದರು. ತೊಂಬತ್ತೆರಡರ ಗಲಭೆಯಲ್ಲಿ ಊರು ಹೊತ್ತಿ ಉರಿದ ಮೇಲೆ ನಮ್ಮವರ ಒಂದೊಂದು ಕೌಂಟರಿನ ಕೆಳಗೂ ಅಂಥದೊಂದು ಇದೆ.

ಹೊರಡುವಾಗ ಆಕೆ ಪಾರ್ಕಿಂಗಿನಲ್ಲಿ ನನ್ನನ್ನೇ ಕೇಳಿದರು, ನಿಮ್ಮ ಜನರ ಮನಸ್ಸು ತಿರುಗಿಸುವುದು ಹೇಗೆ ಎಂದು. ಗಂಡಸರ ಹತ್ತಿರ ಕಾನೂನು ಮಾತಾಡಬೇಡಿ, ಮಗು ಕಳೆದುಕೊಂಡ ಒಬ್ಬ ತಾಯಿಯನ್ನು ಅವರ ಹೆಂಗಸರ ಎದುರು ಕೂರಿಸಿ ಅಂದೆ. "ಅಂಥವರು ಯಾರಾದರೂ ಗೊತ್ತಾ?" ಎಂದರು. ಗೊತ್ತು ಅಂದುಬಿಟ್ಟೆ. ಆಕೆ ನನ್ನ ತೋಳು ಮುಟ್ಟಿ, ಗೆದ್ದರೆ ಕ್ಷೇತ್ರದ ಆಫೀಸಿಗೆ ನಿಮ್ಮಂಥವರೊಬ್ಬರು ಬೇಕಾಗುತ್ತದೆ ಅಂದು ಕಾರ್ಡು ಕೊಟ್ಟರು. ಆಫೀಸು ಅಂದರೆ ಮೇಜು, ಫೋನು, ಬೆಳಿಗ್ಗೆ ಎದ್ದರೆ ಹೋಗಲೊಂದು ಜಾಗ.

ಆಗಸ್ಟ್ 15, ಸೋಮವಾರ

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಪುಷ್ಪಾವತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗೊತ್ತು ಅಂದದ್ದು ತಪ್ಪಾಯಿತು. ಬೇರೆ ಯಾರ ಹತ್ತಿರ ಹೋದರೂ ಆಕೆಯ ಹತ್ತಿರ ನಾನು ಹೋಗಬಾರದು. ನಾಳೆ ಡೂಲಿಗೆ ಫೋನ್ ಮಾಡಿ ಆಗುವುದಿಲ್ಲ ಅಂದುಬಿಡುತ್ತೇನೆ.

ಆಗಸ್ಟ್ 21, ಭಾನುವಾರ

ಫೋನ್ ಮಾಡಲಿಲ್ಲ. ಪುಷ್ಪಾವತಿಯ ಮೋಟೆಲಿಗೇ ಹೋದೆ.

ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ಎರಡು ವರ್ಷದ ಹಿಂದೆ ಆ ಮೋಟೆಲಿನಲ್ಲಿ ಆಯುಧಪೂಜೆ ಮಾಡಿಸಿದವನು ನಾನು. ಇಲ್ಲಿ ಪುರೋಹಿತರು ಸಿಗುವುದು ಕಷ್ಟ. ಮೈಸೂರಿನಲ್ಲಿ ಅಪ್ಪನಿಂದ ನಾಲ್ಕು ಮಂತ್ರ ಕಲಿತದ್ದರಿಂದ ಎಲ್ಲರ ಮನೆಗೂ ನನ್ನನ್ನೇ ಕರೆಯುತ್ತಾರೆ. ಪುಷ್ಪಾವತಿಯ ಗಂಡ ಶಂಭು ಉಡುಪಿ ಕಡೆಯವನು, ಭಯಭಕ್ತಿ ಜಾಸ್ತಿ. ಕೀಗೊಂಚಲು, ವ್ಯಾಕ್ಯೂಮ್ ಕ್ಲೀನರ್, ವ್ಯಾನು ಎಲ್ಲಕ್ಕೂ ಕುಂಕುಮ ಹಚ್ಚಿದ್ದಾಯಿತು. ಗಲಭೆಯಾದ ಮೇಲೆ ಕೊಂಡ ಪಿಸ್ತೂಲು ಮಾತ್ರ ಬೀಗ ಹಾಕಿದ ಡಬ್ಬಿಯಲ್ಲಿತ್ತು. ಆಯುಧಪೂಜೆಗೆ ಆಯುಧವೇ ಇಲ್ಲದಿದ್ದರೆ ಹೇಗೆ, ಡಬ್ಬಿಗೆ ಪೂಜೆಯೇ ಎಂದು ತಮಾಷೆ ಮಾಡಿ ಹೊರಗೆ ತೆಗೆಸಿದೆ. ತಟ್ಟೆಯಲ್ಲಿಟ್ಟು ಚೆಂಡುಹೂವು ಏರಿಸಿದೆವು. ಪೂಜೆ ಮುಗಿದ ಮೇಲೆ ಶಂಭು ಅದನ್ನು ಒಳಗಿಡುತ್ತೇನೆ ಅಂದ. ಬೆಳಿಗ್ಗೆ ನಾನು ಬಂದು ಮಂಗಳಾರತಿ ಮಾಡಿ ಕದಲಿಸುವವರೆಗೆ ಯಾರೂ ಮುಟ್ಟಬಾರದು, ಮುಟ್ಟಿದರೆ ಅಪಚಾರ ಎಂದು ಮಕ್ಕಳಿಬ್ಬರಿಗೂ ಬೆರಳು ತೋರಿಸಿ ಹೇಳಿದೆ. ಏಳು ಗಂಟೆಗೆ ಬರಬೇಕಾದವನು ಒಂಬತ್ತೂವರೆಗೆ ಹೋದೆ. ಅಷ್ಟರಲ್ಲಿ ಆರು ವರ್ಷದ ಉಜ್ವಲ್ ಹೋಗಿಬಿಟ್ಟಿದ್ದ. ಅವನು ತಟ್ಟೆಗೆ ಕೈ ಹಾಕುತ್ತಾನೆಂದು ಹನ್ನೊಂದರ ಅಕ್ಕ ಅಶ್ವಿತಾ ಅದನ್ನೆತ್ತಿ ಮೇಲಿನ ಶೆಲ್ಫಿನಲ್ಲಿಡಲು ಹೋಗಿದ್ದಳು, ಅವಳ ಕೈಯಲ್ಲೇ ಗುಂಡು ಹಾರಿತ್ತು.

ಕೋರ್ಟಿನಲ್ಲಿ ಶಂಭು ಮರೆತು ಹೊರಗಿಟ್ಟೆ ಎಂದಷ್ಟೇ ಹೇಳಿದ. ಪೂಜೆ ಮಾಡಿಸಿದವರ ಹೆಸರು ಪೊಲೀಸರ ಬಾಯಿಗೆ ಬರಬಾರದು ಅನ್ನುವ ಮರ್ಯಾದೆ ಅವನದು. ಜೈಲಿಗೆ ಹಾಕದೆ ಮೂರು ವರ್ಷ ಪ್ರೊಬೇಷನ್ ಕೊಟ್ಟರು. ಹುಡುಗ ತಾನೇ ಆಡಿಕೊಂಡು ಹಾರಿಸಿಕೊಂಡ ಎಂದು ನಮ್ಮ ಜನ ನಂಬಿದ್ದಾರೆ. ನಮ್ಮವರಲ್ಲಿ ನಿಜ ಸಂಗತಿ ಗೊತ್ತಿರುವುದು ನಮ್ಮ ಎರಡು ಮನೆಗೆ ಮಾತ್ರ.

ಶಂಭು ನನ್ನನ್ನು ಕಂಡು ಒಳಗೆ ಹೋದ. ಪುಷ್ಪಾವತಿ ಎಲ್ಲ ಕೇಳಿಸಿಕೊಂಡು ಹೇಳಿದಳು: "ಗೋಪಿನಾಥಣ್ಣ, ನೀವು ಕರೆದಲ್ಲಿಗೆ ಬರ್ತೇನೆ. ನನಗೆ ಕೇಳ್ಲಿಕ್ಕೆ ಒಂದೇ ಉಂಟು. ಪೂಜೆಗಿಟ್ಟದ್ದನ್ನು ತಾನು ಮುಟ್ಟಿದ್ದಕ್ಕೆ ದೇವರು ತಮ್ಮನನ್ನು ತಕೊಂಡ ಅಂತ ಅಶ್ವಿತಾ ಹೇಳುದು. ನಾವು ಎಷ್ಟು ಹೇಳಿದ್ರೂ ನಂಬುದಿಲ್ಲ, ಮುಟ್ಬಾರ್ದು ಅಂತ ಹೇಳಿದವರು ನೀವಲ್ವಾ. ನೀವೇ ಬಂದು ಹೇಳ್ಬೇಕು. ಅದನ್ನು ಹೊರಗೆ ಇಡಿಸಿದ್ದು ನಾನು, ತಪ್ಪು ನನ್ನದು, ನಿನ್ನದಲ್ಲ ಅಂತ. ಅಷ್ಟು ಸಾಕು ನನಗೆ."

"ಖಂಡಿತ ಹೇಳ್ತೀನಮ್ಮ" ಅಂದೆ. ಹೇಳಬೇಕಾದದ್ದೇ. ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ.

ಸೆಪ್ಟೆಂಬರ್ 3, ಶನಿವಾರ

ಪುಷ್ಪಾವತಿಗೆ ಭಾಷಣದ ಅಭ್ಯಾಸ ಮಾಡಿಸಿದೆ. ಆಕೆಗೆ ಮೋಟೆಲಿಗೆ ಬೇಕಾಗುವಷ್ಟು ಇಂಗ್ಲಿಷ್ ಬರುತ್ತದೆ, ದುಃಖಕ್ಕೆ ಸಾಲದು. ತನ್ನ ಭಾಷೆಯಲ್ಲೇ ಮಾತಾಡಲಿ, ನೀವು ಪಕ್ಕದಲ್ಲಿ ನಿಂತು ಅನುವಾದಿಸಿ, ಅದೇ ಹೆಚ್ಚು ನಾಟುತ್ತದೆ ಎಂದರು ಡೂಲಿ. ಅನುಭವಸ್ಥೆ.

ಪೂಜೆಯ ವಿಷಯ ಬಿಡಿಸಿದೆ. ಪಿಸ್ತೂಲಿಗೆ ಕುಂಕುಮ ಹಚ್ಚಿದೆವು ಅಂದರೆ ಅಮೆರಿಕನ್ನರು ನಗುತ್ತಾರೆ, ನಮ್ಮ ಧರ್ಮಕ್ಕೇ ಕೆಟ್ಟ ಹೆಸರು. ಅಶ್ವಿತಾಳ ಹೆಸರು ಎತ್ತಬಾರದು ಎಂದು ಪುಷ್ಪಾವತಿ ಮೊದಲೇ ಭಾಷೆ ತೆಗೆದುಕೊಂಡಿದ್ದಾಳೆ. ಹಾಗಾಗಿ ಉಳಿದದ್ದು ಇಷ್ಟು: ಮೇಜಿನ ಮೇಲೊಂದು ಪಿಸ್ತೂಲಿತ್ತು, ಮನೆಯಲ್ಲೊಂದು ಮಗುವಿತ್ತು. ಮೊದಲ ಸಲ ಇಪ್ಪತ್ತು ನಿಮಿಷ ಮಾತಾಡಿದಳು. ಹುಡುಗನ ಜ್ವರ, ಅವನಿಗಿಷ್ಟವಾದ ನೀರುದೋಸೆ, ಬೇಡದ್ದೆಲ್ಲ ಹೇಳುತ್ತಾಳೆ. ಕತ್ತರಿಸಿ ಏಳು ನಿಮಿಷಕ್ಕೆ ಇಳಿಸಿದೆ.

"ಅದು ಮೇಜಿನ ಮೇಲೆ ಯಾಕಿತ್ತು ಅಂತ ಯಾರಾದ್ರೂ ಕೇಳಿದ್ರೆ?" ಎಂದಳು. ಯಾರೂ ಕೇಳುವುದಿಲ್ಲ ಅಂದೆ. ಅಶ್ವಿತಾ ಲೈಬ್ರರಿಗೆ ಹೋಗಿದ್ದಳು, ಮಾತಾಡಲು ಆಗಲಿಲ್ಲ. ಮುಂದಿನ ವಾರ.

ಸೆಪ್ಟೆಂಬರ್ 11, ಭಾನುವಾರ

ಇವತ್ತು ಶೇಖಪ್ಪನ ಮನೆಯಲ್ಲಿ ಮೊದಲ ಸಭೆ. ಶೇಖಪ್ಪ ಗದಗಿನವನು, ಆರ್ಟೀಸಿಯಾದಲ್ಲಿ ಮದ್ಯದಂಗಡಿ, ಕಟ್ಟಾ ರಿಪಬ್ಲಿಕನ್. ಬಾಗಿಲಲ್ಲೇ ಶುರು ಹಚ್ಚಿಕೊಂಡ: "ಸರ, ಈ ಬಾಯಿ ನಮ್ಮ ಗನ್ ಕಸ್ಗೊಳ್ಳಾಕ ಬಂದಾಳ. ಅವತ್ತ ಬೆಂಕಿ ಹಚ್ಚಾಕ ಬಂದಾಗ ಪೊಲೀಸ್ರು ಎಲ್ಲಿದ್ರು? ನಮ್ಮ ಅಂಗಡಿ ಕಾಯೋರು ಯಾರ್ರಿ?" ಆಮೇಲೆ ಪುಷ್ಪಾವತಿ ಮಾತಾಡಿದಳು. ಉಪ್ಪಿಟ್ಟಿನ ತಟ್ಟೆಗಳು ತೊಡೆಯ ಮೇಲೆ ಹಾಗೇ ಉಳಿದವು. ಶೇಖಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು, "ನಂದೂ ಒಂದ ಮೊಮ್ಮಗು ಐತ್ರಿ ತಂಗಿ, ಅಂಗಡ್ಯಾಗ ಆಡ್ತೈತಿ" ಅಂದ. ನಾವು ಹೊರಡುವಾಗ ಅವನೇ ಡೂಲಿಯ ಪ್ರಚಾರದ ಬೋರ್ಡು ಕೇಳಿ ತೆಗೆದುಕೊಂಡು ಮನೆ ಮುಂದೆ ನೆಟ್ಟ. ಹದಿನಾಲ್ಕು ರಿಪಬ್ಲಿಕನ್ನರಲ್ಲಿ ಒಂಬತ್ತು ಜನ ಬೋರ್ಡು ಒಯ್ದರು. ವರ್ಷಾನುಗಟ್ಟಲೆಯ ಪಕ್ಷನಿಷ್ಠೆ ಏಳು ನಿಮಿಷಕ್ಕೆ ಕರಗಿತು.

ಕಾರಿನಲ್ಲಿ ಪುಷ್ಪಾವತಿ ಮಗಳ ವಿಷಯ ತೆಗೆದಳು. ಸಂತೋಷದ ದಿನ ಅದೆಲ್ಲ ಯಾಕೆ, ನಿಧಾನವಾಗಿ ಕೂತು ಮಾತಾಡಬೇಕಾದದ್ದು ಅಂದೆ.

ಸೆಪ್ಟೆಂಬರ್ 25, ಭಾನುವಾರ

ಈ ವಾರ ಆರು ಸಭೆ. ಪುಷ್ಪಾವತಿ ಪಳಗುತ್ತಿದ್ದಾಳೆ. ಆದರೆ ಇವತ್ತು ಎರಡನೇ ನಿಮಿಷಕ್ಕೇ ಅತ್ತು ಕೆಡಿಸಿದಳು. ಮೊದಲೇ ಅತ್ತರೆ ಜನ ಆಕೆಗೆ ನೀರು ಕೊಡುವುದರಲ್ಲಿ ತೊಡಗುತ್ತಾರೆ, ಉಳಿದದ್ದು ಯಾರ ತಲೆಗೂ ಹೋಗುವುದಿಲ್ಲ. ನಾಲ್ಕನೇ ನಿಮಿಷಕ್ಕೆ, ಹುಡುಗನ ಶೂ ವಿಷಯ ಬರುವಾಗ ಅತ್ತರೆ ಸರಿ ಎಂದು ತಿಳಿಸಿ ಹೇಳಿದೆ. ತಲೆಯಾಡಿಸಿದಳು. ನಿರುಪಮಾ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಾಳೆ. ಪುಷ್ಪಾವತಿ ಹೋದ ಮೇಲೆ, "ಉರಿಯೋ ಮನೇಲಿ ಗಳ ಹಿರಿಯೋದು ಅಂತಾರಲ್ಲ, ಅದನ್ನ ಕಣ್ಣಾರೆ ನೋಡಿರ್ಲಿಲ್ಲ" ಅಂದಳು. ಡೂಲಿಗೆ ಓಟು ಬೇಡವೇ ನಿನಗೆ, ನಿನ್ನ ಪಕ್ಷವೇ ಅಲ್ಲವೇ ಎಂದೆ. ಪಾತ್ರೆ ತೊಳೆಯತೊಡಗಿದಳು.

ಅಕ್ಟೋಬರ್ 5, ಬುಧವಾರ

ಡೂಲಿಯ ಆಫೀಸಿನಲ್ಲಿ ಫೋನ್ ಸಮೀಕ್ಷೆಯ ಅಂಕಿ ತೋರಿಸಿದರು. ರಿಪಬ್ಲಿಕನ್ ಹೆಂಗಸರಲ್ಲಿ ಐವರಲ್ಲಿ ಒಬ್ಬರು ಈಗ ನಮ್ಮ ಕಡೆ. ಆದರೆ ಡೆಮಾಕ್ರಟ್ ಗಂಡಸರಲ್ಲಿ ಲಾರಿ ಓಡಿಸುವವರು, ಬೇಟೆಗೆ ಹೋಗುವವರು ಆ ಕಡೆ ಜಾರುತ್ತಿದ್ದಾರೆ. ಇದೊಂದೇ ವಿಷಯಕ್ಕೆ ಗಂಡ ಹೆಂಡಿರೇ ಪಕ್ಷ ಅದಲುಬದಲು ಮಾಡಿಕೊಳ್ಳುತ್ತಿದ್ದಾರಂತೆ. ಇನ್ನೂ ಸಾಲದು, ಟೀವಿಯಲ್ಲಿ ಬರಬೇಕು ಎಂದರು ಡೂಲಿ. ಇಪ್ಪತ್ತೆರಡಕ್ಕೆ ಸಮುದ್ರತೀರದ ಲಾ ಹೋಯಾದಲ್ಲಿ ಯೂನಿವರ್ಸಿಟಿಯ ಹೆಂಗಸರ ಸಭೆಗೆ ಡೂಲಿಯನ್ನು ಕರೆದಿದ್ದಾರೆ, ಕ್ಯಾಮೆರಾ ಬರುತ್ತದೆ. "ಆಕೆಗೆ ಮಗಳೂ ಇದ್ದಾಳಲ್ಲ, ಪಕ್ಕದಲ್ಲಿ ಕೂತಿರಲಿ" ಎಂದರು. ನನ್ನ ಮೇಜು ಕಿಟಕಿ ಪಕ್ಕ ಬರುತ್ತದೆ ಎಂದೂ ಹೇಳಿದರು.

ಅಕ್ಟೋಬರ್ 13, ಗುರುವಾರ. ಆಯುಧಪೂಜೆ

ಬೆಳಿಗ್ಗೆ ಕಾರಿಗೂ ಡೂಲಿ ಕೊಟ್ಟ ಫ್ಯಾಕ್ಸ್ ಮೆಷಿನ್ನಿಗೂ ಪೂಜೆ ಮಾಡಿ ಬರ್ಬ್ಯಾಂಕಿಗೆ ಹೊರಟೆ, ಟೀವಿಯವರ ಜೊತೆ ಮಾತುಕತೆಗೆ. ಹೊಸ್ತಿಲು ದಾಟುವಾಗ ಪುಷ್ಪಾವತಿಯ ಫೋನ್. "ಇವತ್ತು ಅವಳು ಬೆಳಿಗ್ಗೆಯಿಂದ ಕೈ ತೊಳೀತಾನೇ ಇದ್ದಾಳೆ ಅಣ್ಣ. ಎಲ್ಲ ಬಿಟ್ಟು ಇವತ್ತೊಂದು ದಿನ ಬನ್ನಿ" ಅಂದಳು. ಲಾ ಹೋಯಾಕ್ಕೆ ಕರೆದುಕೊಂಡು ಬನ್ನಿ, ಸಮುದ್ರದ ದಡದಲ್ಲಿ ಕೂತು ಸಮಾಧಾನವಾಗಿ ಹೇಳುತ್ತೇನೆ ಅಂದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ನನಗೇ ನನ್ನ ಸಮಯಸ್ಫೂರ್ತಿ ಮೆಚ್ಚಿಗೆಯಾಯಿತು.

ಅಕ್ಟೋಬರ್ 22, ಶನಿವಾರ

ಲಾ ಹೋಯಾದಿಂದ ಬಂದು ಕೂತಿದ್ದೇನೆ. ಎಲ್ಲ ಕ್ರಮವಾಗಿ ಬರೆಯಬೇಕು.

ಹೋಗುವಾಗ ದಾರಿಯುದ್ದಕ್ಕೂ ಫ್ರೀವೇ ತುಂಬಿತ್ತು. ನಿರುಪಮಾ ತಾನೂ ಬರುತ್ತೇನೆಂದು ಹಟ ಮಾಡಿ ಹಿಂದೆ ಅಶ್ವಿತಾಳ ಪಕ್ಕ ಕೂತಳು. ಹುಡುಗಿಗೆ ಈಗ ಹದಿಮೂರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷ್. ಕೈಗಳು ಧೋಬಿಯ ಕೈಯ ಹಾಗೆ ಬಿಳಿಚಿ ಒಡೆದಿವೆ. ತಡವಾದ್ದರಿಂದ ಸಮುದ್ರದ ಕಡೆ ಹೋಗಲಾಗಲಿಲ್ಲ.

ಇನ್ನೂರು ಜನ, ಪ್ರೊಫೆಸರುಗಳು, ಡಾಕ್ಟರುಗಳು. ಪುಷ್ಪಾವತಿಯ ಏಳು ನಿಮಿಷ ಎಂದಿಗಿಂತ ಚೆನ್ನಾಗಿ ಬಂತು. ನಾಲ್ಕನೇ ನಿಮಿಷಕ್ಕೆ ಅತ್ತಳು. ಆಮೇಲೆ ಮುಂದಿನ ಸಾಲಿನಿಂದ ಬಿಳಿಗೂದಲ ಮುದುಕಿಯೊಬ್ಬಳು, ಯಾವುದೋ ವಿಜ್ಞಾನಿಯಂತೆ, ಎದ್ದು ನಿಂತು ಕೇಳಿದಳು: ಗುಂಡು ತುಂಬಿದ ಪಿಸ್ತೂಲು ಮೇಜಿನ ಮೇಲೆ ಯಾಕಿತ್ತು? ಅಲ್ಲಿ ಇಟ್ಟವರು ಯಾರು?

ಪುಷ್ಪಾವತಿ ನನ್ನ ಮುಖ ನೋಡಿದಳು. ಆಮೇಲೆ ಮೈಕಿನಲ್ಲಿ, ಕನ್ನಡದಲ್ಲಿ ಹೇಳಿದಳು: "ನನ್ನ ಗಂಡ ಅದನ್ನು ಬೀಗ ಹಾಕಿಯೇ ಇಟ್ಟಿದ್ರು. ಪೂಜೆಗೆ ಅಂತ ಹೊರಗೆ ತೆಗೆಸಿದ್ದು ಈ ಗೋಪಿನಾಥಣ್ಣ. ಬೆಳಿಗ್ಗೆಯವರೆಗೆ ಮುಟ್ಬಾರ್ದು ಅಂತ ಹೇಳಿದ್ದೂ ಇವರೇ. ನಾವು ಇವರ ಮಾತು ಕೇಳಿದೆವು. ನೀವೇ ಹೇಳಿ ಅಣ್ಣ ಇವರಿಗೆ. ಇಲ್ಲಿ ಹೇಳಿದ್ರೂ ಆಗ್ತದೆ, ಅವಳು ಕೇಳ್ತಾ ಇದ್ದಾಳೆ."

ಇನ್ನೂರು ಮುಖ ನನ್ನ ಕಡೆ ತಿರುಗಿದವು. ಡೂಲಿ ನಗುಮುಖದಿಂದ ಕಾಯುತ್ತಿದ್ದರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ನಾನೇನು ಮಾಡಬೇಕಿತ್ತು? ಒಂದು ಇಡೀ ಚುನಾವಣೆ ಆ ಗಳಿಗೆಯ ಮೇಲೆ ನಿಂತಿತ್ತು. ನಾನು ಇಂಗ್ಲಿಷಿನಲ್ಲಿ ಅಂದದ್ದು: "ನನ್ನ ಗಂಡ ಮರೆತು ಹೊರಗಿಟ್ಟರು. ನನ್ನ ಮಗಳು ಅದನ್ನು ಕೈಗೆತ್ತಿಕೊಂಡಳು. ತಮ್ಮ ಅವಳ ಕೈಯಿಂದಲೇ ಹೋದ. ಅವಳು ಇಲ್ಲಿ ಕೂತಿದ್ದಾಳೆ, ನೀವೇ ನೋಡಿ."

ಕ್ಯಾಮೆರಾ ಹುಡುಗಿಯ ಕಡೆ ತಿರುಗಿತು. ಅಶ್ವಿತಾ ಎರಡು ಭಾಷೆಯನ್ನೂ ಕೇಳಿಸಿಕೊಂಡಿದ್ದಾಳೆ. ಮೊದಲು ಅಮ್ಮನನ್ನು, ಆಮೇಲೆ ನನ್ನನ್ನು ನೋಡಿ, ಕೊನೆಗೆ ಕ್ಯಾಮೆರಾಗೆ, "ಯೆಸ್, ಐ ಟಚ್ಡ್ ಇಟ್" ಅಂದಳು. ಮುಂದಿನ ಸಾಲಿನ ಹೆಂಗಸರು ಅತ್ತರು. ಪುಷ್ಪಾವತಿ ಮಗಳ ಮುಖದ ಮೇಲೆ ಸೆರಗು ಹಾಕಿದಳು, ಅದೂ ಟೀವಿಗೆ ಚೆನ್ನಾಗಿಯೇ ಬಂದಿರಬೇಕು.

ಎರಡು ಗಂಟೆ ಕಾರು ಓಡಿಸಿ ವಾಪಸು ಬಂದೆವು. ಮೋಟೆಲಿನ ಮುಂದೆ ಇಳಿಯುವಾಗ ಪುಷ್ಪಾವತಿ, "ಎಂತ ಮಾಡಿದ್ರಿ ಅಣ್ಣ" ಎಂದು ಮೆಲ್ಲಗೆ ಕೇಳಿದಳು. ಮೈಕಿನ ಮುಂದೆ ನಿಲ್ಲುವ ಒತ್ತಡ ನಿಮಗೆ ಗೊತ್ತಾಗುವುದಿಲ್ಲ ಅಂದೆ. ನಿಜಕ್ಕೂ ಗೊತ್ತಾಗುವುದಿಲ್ಲ. ಅದಲ್ಲದೆ ಸಭೆಯಲ್ಲಿ ಪಾಠದಲ್ಲಿಲ್ಲದ್ದನ್ನು ಮಾತಾಡಿದ್ದು ಆಕೆ.

ಅಕ್ಟೋಬರ್ 25, ಮಂಗಳವಾರ

ಟೀವಿಯಲ್ಲಿ ನಿನ್ನೆ ಎರಡು ಸಲ ಬಂತು. ಡೂಲಿಯ ಆಫೀಸಿನ ಫೋನು ನಿಂತೇ ಇಲ್ಲ. ರಿಪಬ್ಲಿಕನ್ ಹೆಂಗಸರು ತಾವಾಗಿ ಫೋನ್ ಮಾಡಿ ಬೋರ್ಡು ಕೇಳುತ್ತಿದ್ದಾರೆ.

ಅಶ್ವಿತಾಳ ಸ್ಕೂಲಿನ ಮಕ್ಕಳೂ ನೋಡಿದ್ದಾರಂತೆ. ಅವಳ ಲಾಕರಿನ ಮೇಲೆ ಯಾರೋ ಪಿಸ್ತೂಲಿನ ಚಿತ್ರ ಬರೆದಿದ್ದಾರೆ. ಸ್ಕೂಲಿಗೆ ಹೋಗುತ್ತಿಲ್ಲ. ಹದಿಮೂರು ವರ್ಷದ ಮಕ್ಕಳ ನಾಟಕ ಎಲ್ಲ ಕಡೆಯೂ ಇದ್ದದ್ದೇ, ನಾಲ್ಕು ದಿನ ಮನೆಯಲ್ಲಿದ್ದರೆ ಸರಿಹೋಗುತ್ತದೆ. ಪುಷ್ಪಾವತಿ ಇನ್ನು ಸಭೆಗಳಿಗೆ ಬರುವುದಿಲ್ಲವಂತೆ. ಹೇಗೂ ಇನ್ನು ಅವಳ ಅಗತ್ಯ ಅಷ್ಟಿಲ್ಲ, ಟೇಪು ನಮ್ಮ ಹತ್ತಿರ ಇದೆ.

ನವೆಂಬರ್ 8, ಮಂಗಳವಾರ

ಓಟು ಹಾಕಿ ಬಂದೆವು. ಜೀವನದಲ್ಲಿ ಮೊದಲ ಸಲ ಓಟಿನ ಕಾರ್ಡಿನಲ್ಲಿ ಡೆಮಾಕ್ರಟ್ ಹೆಸರಿಗೆ ತೂತು ಒತ್ತಿದೆ. ಕಾರಿನಲ್ಲಿ ನಿರುಪಮಾ, "ನಾನು ಆ ಕಡೆಯವನಿಗೆ ಹಾಕ್ದೆ" ಅಂದಳು. ಗನ್ ಮಾರುವವರ ಕಡೆಯವನಿಗೆ! ಯಾಕೆ ಎಂದು ಕೇಳಿದೆ. "ಕಾನೂನು ಒಳ್ಳೇದೇ ರೀ. ಆದ್ರೆ ಆಕೆ ಗೆದ್ರೆ ನಿಮಗೆ ಕೆಲಸ ಸಿಗತ್ತೆ. ಅದು ಆಗ್ಬಾರ್ದು ಅನ್ನಿಸ್ತು." ಕಟ್ಟಿಕೊಂಡವಳ ಬಾಯಲ್ಲಿ ಈ ಮಾತು. ತಲೆಗೆ ಏನೋ ಆಗಿದೆ, ಡಾಕ್ಟರಿಗೆ ತೋರಿಸಬೇಕು.

ನವೆಂಬರ್ 10, ಗುರುವಾರ

ಗೆದ್ದೆವು. 611 ಓಟು. ದೇಶದಲ್ಲೆಲ್ಲ ರಿಪಬ್ಲಿಕನ್ನರ ಅಲೆ ಎದ್ದಿರುವಾಗ ನಾವು ಗೆದ್ದೆವು. ಪಕ್ಷ ದಾಟಿ ಬಂದ ಹೆಂಗಸರೇ ಗೆಲ್ಲಿಸಿದ್ದು ಎಂದು ಪೇಪರಿನಲ್ಲೂ ಬಂದಿದೆ. ಜನವರಿ ಮೂರರಿಂದ ಕೆಲಸ.

ನವೆಂಬರ್ 26, ಶನಿವಾರ

ಗಲಾಟೆಯೆಲ್ಲ ಮುಗಿಯಿತು. ಕೆಲಸಕ್ಕೆ ಸೇರಿದ ಮೇಲೆ ಪುರುಸೊತ್ತು ಸಿಗುವುದಿಲ್ಲ. ಕೊಟ್ಟ ಮಾತೊಂದು ಬಾಕಿ ಉಳಿದಿತ್ತು. ನಿರುಪಮಾ ತಂಗಿಯ ಮನೆಗೆಂದು ಹೋದವಳು ಹದಿನೈದು ದಿನವಾದರೂ ಬಂದಿಲ್ಲ, ಹಾಗಾಗಿ ಒಬ್ಬನೇ ಮೈಸೂರುಪಾಕು ತೆಗೆದುಕೊಂಡು ಮೋಟೆಲಿಗೆ ಹೋದೆ.

ಪುಷ್ಪಾವತಿ ಬಾಗಿಲನ್ನು ಅರ್ಧ ತೆರೆದು ನನ್ನನ್ನು ನೋಡಿದಳು. "ಹೇಳ್ಲಿಕ್ಕೆ ಬಂದದ್ದಾ?" ಎಂದಳು. ಹೂಂ ಅಂದೆ. ಅವಳ ಮುಖ ಒಮ್ಮೆಗೇ ಬದಲಾಯಿತು. ಎಲ್ಲ ಮರೆತವಳಂತೆ ಕುರ್ಚಿ ಒರೆಸಿ ಕೂರಿಸಿ, ಮಗಳನ್ನು ಕರೆದು, ಕಾಫಿ ಮಾಡಲು ಒಳಗೆ ಹೋದಳು. ಎರಡು ವರ್ಷದಿಂದ ನನ್ನೆದುರು ನಿಲ್ಲದಿದ್ದ ಶಂಭು ಕೂಡ ಬಂದು ಗೋಡೆಗೆ ಒರಗಿ ನಿಂತ.

ಅಶ್ವಿತಾ ಎದುರಿಗೆ ಕೂತಳು. ಕೂದಲನ್ನು ತಾನೇ ಅಡ್ಡಾದಿಡ್ಡಿ ಕತ್ತರಿಸಿಕೊಂಡಿದ್ದಾಳೆ, ಕೈಗೆ ಬ್ಯಾಂಡೇಜು. ಶುರು ಮಾಡುವುದು ಹೇಗೆಂದು ಯೋಚಿಸಿದೆ. ಹೊರಗೆ ತೆಗೆಸಿದ್ದು ನಾನು ಎಂದು ಒಂದು ಮಗುವಿನ ಎದುರು ಹೇಳಿಕೊಂಡರೆ ಅದು ನಾಳೆ ಎಲ್ಲಿ ಏನು ಆಡುತ್ತದೋ ಯಾರು ಬಲ್ಲರು. ಇನ್ನು ಮೇಲೆ ನನ್ನದು ಸರ್ಕಾರಿ ಆಫೀಸಿನ ಕೆಲಸ. ಅಲ್ಲದೆ ನ್ಯಾಯವಾಗಿ ನೋಡಿದರೆ ನಾನು ಮುಟ್ಟಬೇಡಿ ಅಂದಿದ್ದೆ, ಅವಳು ಮುಟ್ಟಿದ್ದಳು. ಮಗುವಿಗೆ ಬೇಕಾಗಿದ್ದದ್ದು ಸಮಾಧಾನ, ಅದನ್ನು ಧಾರಾಳವಾಗಿ ಕೊಟ್ಟೆ. ತಲೆ ಸವರಿ ಹೇಳಿದೆ:

"ಮಗು, ದೇವರು ದೊಡ್ಡೋನು. ನೀನು ಚಿಕ್ಕವಳು, ಗೊತ್ತಾಗದೆ ಮುಟ್ಟಿಬಿಟ್ಟೆ. ಅವನು ನಿನ್ನನ್ನ ಕ್ಷಮಿಸಿದಾನೆ."

ಅವಳು ನನ್ನ ಮುಖ ನೋಡಿದಳು. "ಸೋ ಹಿ ವಾಸ್ ಆಂಗ್ರಿ ವಿತ್ ಮಿ, ಅಂಕಲ್?"

"ಆಗ ಕೋಪ ಇತ್ತು. ಈಗಿಲ್ಲ" ಅಂದೆ.

ತನಗೆ ಮೊದಲೇ ಗೊತ್ತಿದ್ದದ್ದನ್ನು ಕೇಳಿದವಳ ಹಾಗೆ ತಲೆಯಾಡಿಸಿ, "ಥ್ಯಾಂಕ್ ಯೂ" ಎಂದು ಎದ್ದು ಹೋದಳು. ಅಳಲೂ ಇಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಅದು ನಿಲ್ಲಲೇ ಇಲ್ಲ.

ಪುಷ್ಪಾವತಿ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಾಫಿಯನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಶಂಭು ಬಂದು ನನ್ನ ಮೈಸೂರುಪಾಕಿನ ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, ಬಾಗಿಲು ತೆರೆದು ಹಿಡಿದ.

ಉಪಕಾರ ಸ್ಮರಣೆ ಅನ್ನುವುದು ಕೆಲವರಿಗೆ ಇರುವುದಿಲ್ಲ. ಇರಲಿ. ಮನೆಗೆ ಬಂದು ಕಾಫಿ ನಾನೇ ಮಾಡಿಕೊಂಡು, ಎರಡು ಮೈಸೂರುಪಾಕು ತಿಂದೆ. ಆಗಸ್ಟಿನಿಂದ ತಲೆ ಮೇಲಿದ್ದ ಭಾರ ಇಳಿದಿದೆ. ಆಡಿದ ಮಾತು ಉಳಿಸಿಕೊಂಡೆ.